ಲೈನಿನಲ್ಲೇ ಇರಿ

ನಿಜ ಹೇಳಿಬಿಡುತ್ತೇನೆ, ನನಗೆ ನನ್ನ ನಾಲಿಗೆಯ ಮೇಲೇ ಸಿಟ್ಟು. ಮೂಗು ಮೊಂಡಾಗಿದ್ದರೆ ದೇವರು ಕೊಟ್ಟದ್ದು ಎಂದು ಸುಮ್ಮನಿರಬಹುದು. ಮಾತು ಹಾಗಲ್ಲ, ಬಾಯಿ ತೆರೆದರೆ ಸಾಕು, ಎದುರಿನವರು ‘ಯಾವ ಕಡೆಯವರು ನೀವು?’ ಎಂದು ಕೇಳಿ ಒಂದು ನಮೂನೆ ನಗುತ್ತಾರೆ. ಜಿಲ್ಲೆಯ ಕರೆಂಟ್ ದೂರುಗಳೆಲ್ಲ ಬರುವ ಚಿತ್ರದುರ್ಗದ ಆಫೀಸಿನಲ್ಲಿ ಫೋನ್ ಎತ್ತುವುದು ನನ್ನ ಕೆಲಸ. ಹುಟ್ಟಿದ್ದು ಅದೇ ಜಿಲ್ಲೆಯ ತಾಳ್ಯ ಎಂಬ ಹಳ್ಳಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಆರು ವರ್ಷ ‘ಲೈನ್‌ಮ್ಯಾನ್ ಬರ್ತಾ ಐದಾರೆ, ಒಂದ್ಗಳಿಗೆ ತಡಕಳ್ರಿ’ ಎಂದೇ ಹೇಳಿದ್ದೆ. ಯಾರಿಗೂ ಅರ್ಥವಾಗದೆ ಹೋಗಿರಲಿಲ್ಲ.

ಆರು ತಿಂಗಳ ಹಿಂದೆ ಹೊಸದಾಗಿ ಬಂದ ಸಾಹೇಬರ ಕಿವಿಗೆ ಅದು ಚುಚ್ಚಿತು. ‘ಏನಮ್ಮಾ ಇದು, ಐತೆ ಐತೆ ಅಂತ? ಟಿವಿಯಲ್ಲಿ ವಾರ್ತೆ ಓದುವವರನ್ನು ನೋಡಿ ಕಲಿಯಿರಿ’ ಎಂದು ಎಲ್ಲರೆದುರು ಅಂದುಬಿಟ್ಟರು. ಮೈಯೆಲ್ಲ ಉರಿಯಿತು. ತಿರುಗಿ ಎರಡು ಮಾತು ಕೇಳುವುದು ಬಿಟ್ಟು, ಮನೆಗೆ ಹೋಗಿ ಟಿವಿ ಮುಂದೆ ಕುಳಿತು ಕಲಿತೆನಲ್ಲ, ಅದು ನನ್ನ ಹಣೆಬರಹ! ‘ಸಾರು ಇದೆಯೇ?’ ಎಂದು ಕೇಳಿದರೆ ನಮ್ಮ ಯಜಮಾನರು, ‘ಯಾವೂರಿನ ಬೀಗರು ತಾಯಿ? ಕುಂತ್ಕಳ್ರಿ’ ಎಂದು ಚಾಪೆ ಹಾಸಿದರು. ಸೌಟು ಎಸೆಯುವಷ್ಟು ಕೋಪ ಬಂತು. ‘ಐತೆ’ಗೆ ಎಷ್ಟು ಹೆದರಿದ್ದೆನೆಂದರೆ, ಆದಿವಾಲದಿಂದ ಫೋನ್ ಮಾಡಿದವರೊಬ್ಬರನ್ನು ‘ನಿಮ್ಮದು ಯಾವ ಪಂಚಾಯ್ತಿ?’ ಎಂದು ಕೇಳಲು ಹೋಗಿ ‘ಯಾವ ಪಂಚಾ ಇದೆ?’ ಎಂದುಬಿಟ್ಟೆ. ‘ಬಿಳೀ ಪಂಚೆ ಕಣಮ್ಮ, ಅದ್ಯಾಕೆ ನಿಮಗೆ?’ ಎಂದು ಆ ಮನುಷ್ಯ ಫೋನ್ ಕುಕ್ಕಿದ.

ಕಳೆದ ವಾರ ಮಧ್ಯಾಹ್ನ ಸಾಹೇಬರು ನನ್ನ ಬೆನ್ನ ಹಿಂದೆಯೇ ನಿಂತಿದ್ದಾಗ ಒಂದು ಫೋನ್ ಬಂತು. ‘ಯವ್ವಾ, ತಾಳ್ಯದಿಂದ ಮಾತಾಡ್ತಿರಾದು. ಗಾಳಿಗೆ ವೈರು ಹರ್ಕಂಡು ನಮ್ ಕುರಿ ರೊಪ್ಪದ ಬಾಗ್ಲಾಗೆ ಬಿದ್ದೈತೆ. ಕುರಿ ಎಲ್ಲಾ ಒಳಗೇ ಅವೆ.’

ನನ್ನ ಅಪ್ಪ! ಆದರೂ ಈ ಹಾಳು ಬಾಯಿ, ‘ದಯವಿಟ್ಟು ಲೈನಿನಲ್ಲೇ ಇರಿ’ ಎಂದಿತು.

‘ಲೈನ್ ಹತ್ರನೇ ಇರ್ಬೇಕಾ? ಕಿಡಿ ಹಾರ್ತೈತೆ ಕಣಮ್ಮ. ಆಗ್ಲಿ, ಓದಿದೋರು ನೀವು ಹೇಳ್ತೀರಂದ್ರೆ ಹೋಗಿ ನಿಂತ್ಕಂತೀನಿ.’

ನಾನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ‘ಅಪ್ಪಾ, ಬ್ಯಾಡ ಕಣಪ್ಪಾ! ದೂರ ನಿಂತ್ಕ! ಯಾರನ್ನೂ ಹತ್ರ ಬಿಡಬ್ಯಾಡ, ಈಗ್ಲೇ ಕರೆಂಟ್ ತೆಗಸ್ತೀನಿ!’ ಎಂದು ಕಿರುಚಿದೆ. ಸಾಹೇಬರು ಏನೋ ಹೇಳಲು ಬಂದರು. ‘ನೀವು ಸುಮ್ಕಿರ್ರಿ!’ ಎಂದೆ. ಸುಮ್ಮನಾದರು. ಆರು ತಿಂಗಳ ಸಿಟ್ಟು ಆ ಎರಡು ಪದದಲ್ಲಿತ್ತು. ಕೂಡಲೇ ಕರೆಂಟ್ ತೆಗೆಸಿದೆ, ಅಪ್ಪನಿಗೂ ಕುರಿಗಳಿಗೂ ಏನೂ ಆಗಲಿಲ್ಲ.

ಸಂಜೆ ಅಪ್ಪ ಮನೆಗೆ ಫೋನ್ ಮಾಡಿದ. ‘ಅಲ್ಲ ಕಣವ್ವ, ನೀನು ಫೋನ್ ಇಸ್ಕಳಾಕೆ ಮುಂಚೆ ಯಾವಳೋ ಒಬ್ಳು ಎತ್ತಿದ್ಳಲ್ಲ, ಕಿಡಿ ಹಾರೋ ಲೈನಾಗೇ ಇರು ಅಂತಾಳೆ! ತಲೆ ನೆಟ್ಟಗೈತಾ ಅವಳಿಗೆ? ಮೊದ್ಲು ಅವಳನ್ನ ಅಲ್ಲಿಂದ ಎಬ್ಬಿಸು. ಯಾವೂರಳಂತೆ ಅವಳು?’

ತಾಳ್ಯದವಳೇ ಎನ್ನಲು ನಾಚಿಕೆಯಾಯಿತು. ಮತ್ತೆ ಆ ಟಿವಿ ಕನ್ನಡದಲ್ಲೇ, ‘ಆ ಬಗ್ಗೆ ಮಾಹಿತಿ ಲಭ್ಯವಿಲ್ಲ’ ಎಂದೆ.

ಆ ಕಡೆಯಿಂದ ಅಪ್ಪ ಒಳಗಿದ್ದ ಅವ್ವನಿಗೆ ಕೂಗಿ ಹೇಳಿದ್ದು ಕೇಳಿಸಿತು: ‘ಲೇ, ಇವಳೇ ಕಣೇ ಅವಳು!’