ಗಟ್ಟಿ ದಾರ

ಮಾನಿಟರಿಗೂ ಲ್ಯಾಪ್‌ಟಾಪಿಗೂ ವಿಭೂತಿ ಎಳೆದು, ಚೆಂಡುಹೂವು ಮುಡಿಸಿ ಆಯುಧಪೂಜೆ ಮಾಡಿದ್ದೇನೋ ಸರಿ. ಹಬ್ಬ ಕಳೆದು ಸೋಮವಾರ ಬಂದರೆ ಮಾನಿಟರಿಗೆ ಕೆಲಸವೇ ಮರೆತುಹೋಗಿತ್ತು. ಬೆಂಗಳೂರಿನ ಹೂಡಿಯ ಅಪಾರ್ಟ್‌ಮೆಂಟಿನಲ್ಲಿ ಈರೇಶ್ ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿದ, ಕಿತ್ತ, ತಿರುಗಿಸಿ ಸಿಕ್ಕಿಸಿದ. ಮಾನಿಟರ್ ‘ನೋ ಸಿಗ್ನಲ್’ ಎಂದು ಹೇಳಿ ಕಣ್ಣು ಮುಚ್ಚಿತು.

ಇವತ್ತೇ ಹೀಗಾಗಬೇಕೆ! ಹನ್ನೊಂದರ ಮೀಟಿಂಗಿನಲ್ಲಿ ಎರಡು ಪರದೆ ಇಟ್ಟುಕೊಂಡು ಸರಾಗವಾಗಿ ಕೆಲಸ ತೋರಿಸಿದರೆ ಮನೆಯಿಂದಲೇ ದುಡಿಯಬಹುದು, ಎಡವಿದರೆ ನಾಳೆಯಿಂದ ದಿನಾ ಎಲೆಕ್ಟ್ರಾನಿಕ್ ಸಿಟಿ ಎಂದು ಮ್ಯಾನೇಜರ್ ಕಾವ್ಯಾ ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಹೂಡಿಯಿಂದ ಅಲ್ಲಿಗೆ ಓಡಾಡುವುದೆಂದರೆ ಅರ್ಧ ಆಯುಷ್ಯ ಟ್ರಾಫಿಕ್ಕಿಗೆ ಬರೆದುಕೊಟ್ಟಂತೆ.

ಮೇಲಿನ ಮನೆಯ ವಿನಾಯಕ್ ಕರೆಯದೆಯೇ ಬಂದ.

"ಕೇಬಲ್ ಸರಿಗಿದ್ಯೇನೋ?"

"ಸರೀಗೇ ಇದೆ ಮಗಾ. ನೋಡು, ಮಾನಿಟರಿಂದ ಲ್ಯಾಪ್‌ಟಾಪ್ ಚಾರ್ಜ್ ಆಗ್ತಿದೆ."

"ಹಂಗಾದ್ರೆ ಕೇಬಲ್ ತಪ್ಪಲ್ಲ ಗುರು." ವಿನಾಯಕ್ ಟಾರ್ಚ್ ಹಿಡಿದು, ಹಲ್ಲಿನ ಡಾಕ್ಟರ ಹಾಗೆ ಲ್ಯಾಪ್‌ಟಾಪಿನ ತೂತಿನೊಳಗೆ ಇಣುಕಿದ. "ಒಳಗೇನೋ ಬೆಳ್ಳಗಿದೆ ಕಣೋ. ವಿಭೂತಿ!"

"ಅವ್ವಾ!" ಈರೇಶ್ ಕೂಗಿದ.

ಹಬ್ಬಕ್ಕೆಂದು ರಾಣೆಬೆನ್ನೂರಿನಿಂದ ಬಂದು, ದೀಪಾವಳಿವರೆಗೂ ಇರುತ್ತೇನೆಂದಿದ್ದ ತಾಯಿ ಮಹಾದೇವಿ ರೊಟ್ಟಿಹಿಟ್ಟಿನ ಕೈಯಲ್ಲೇ ಹೊರಬಂದಳು.

"ಕಂಪ್ಯೂಟರಿನ ಬಾಯಾಗೆಲ್ಲ ವಿಭೂತಿ ತುಂಬೀಯಲ್ಲ! ನೀ ಬಂದಾಗಿಂದ ದಿನಾ ಒಂದ್ ರಗಳೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೊನೆಯ ಮಾತು ಬಾಯಿಂದ ಜಾರಿದಾಗ ಈರೇಶನಿಗೇ ಚುರುಕ್ಕೆಂದಿತು. ಆದರೆ ಗಡಿಯಾರ ನೋಡಿ ಮತ್ತೆ ಲ್ಯಾಪ್‌ಟಾಪಿನತ್ತ ಬಾಗಿದ.

"ನಿನ್ನ ಕೆಲಸ ಚಲೋ ಆಗ್ಲಿ ಅಂತ ಹಚ್ಚಿದ್ದೆನಪ್ಪಾ" ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು.

ವಿನಾಯಕ್ ಹಲ್ಲುಕಡ್ಡಿಯಿಂದ ತೂತನ್ನು ಕೆದಕಿದ. ಕಡ್ಡಿಯ ತುದಿ ಒಳಗೇ ಮುರಿಯಿತು. ಅದನ್ನು ಸೂಜಿಯಿಂದ ಎಬ್ಬಿಸುವುದರಲ್ಲಿ ಇಬ್ಬರಿಗೂ ಲೋಕದ ಪರಿವೆ ಇರಲಿಲ್ಲ. ಅಂತೂ ತುದಿ ಬಂತು. ವಿನಾಯಕ್ ಕೆನ್ನೆ ಉಬ್ಬಿಸಿ ಊದಿದ್ದಕ್ಕೆ ವಿಭೂತಿಯೆಲ್ಲ ಹಾರಿ ಅವನ ಮುಖಕ್ಕೇ ಬಳಿದುಕೊಂಡಿತು. ಮಾನಿಟರ್ ಮಾತ್ರ ಏಳಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಮೇಘಾ ಏನು ಗಲಾಟೆಯೆಂದು ನೋಡಲು ಬಂದಳು. ಕೇಬಲ್ ಮುಟ್ಟಿದವಳೇ ನಕ್ಕಳು.

"ಇದು ಫೋನ್ ಚಾರ್ಜರ್‌ದು ಕಣ್ರೀ. ಇದ್ರಲ್ಲಿ ಚಾರ್ಜ್ ಆಗತ್ತೆ, ಚಿತ್ರ ಹೋಗಲ್ಲ. ಮಾನಿಟರ್ ಜೊತೆ ಬಂದಿದ್ ದಪ್ಪ ಕೇಬಲ್ ಎಲ್ಲಿ?"

ಈರೇಶನಿಗೆ ಆಗ ನೆನಪಾಯಿತು. ಹಬ್ಬದ ದಿನ ಅವ್ವ, "ಬಾಳಿಕಂಬ ಕಟ್ಟಾಕ ಒಂದ್ ದಾರ ಕೊಡಪ್ಪಾ" ಅಂದಿದ್ದಳು. ಫೋನನ್ನು ಕಿವಿ-ಭುಜದ ನಡುವೆ ಸಿಕ್ಕಿಸಿಕೊಂಡು, ಮೇಜಿನ ಮೇಲೆ ಕೈಗೆ ಸಿಕ್ಕ ಕಪ್ಪು ಹಗ್ಗದಿಂದ ಬಾಗಿಲ ಗ್ರಿಲ್ಲಿಗೆ ಬಾಳೆಕಂಬ ಬಿಗಿದವನು ಅವನೇ. ಆ ಹಗ್ಗವೇ ಈ ದಪ್ಪ ಕೇಬಲ್ಲು!

ಬಾಗಿಲಿಗೆ ಓಡಿದ. ಬಾಳೆಕಂಬ ಇರಲಿಲ್ಲ, ದಾರವೂ ಇರಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಮುಚ್ಚಿಟ್ಟಿತ್ತು, ಅವ್ವನೂ ಇರಲಿಲ್ಲ.

"ಅಮ್ಮ ಆಗ್ಲೇ ಊರಿಗೆ ಹೊರಟ್ರಲ್ಲ" ಎಂದಳು ಮೇಘಾ. "ಲಿಫ್ಟ್ ಹತ್ರ ಸಿಕ್ಕಿದ್ರು. ಪಾಪ, ಬ್ಯಾಗಿನ ಜಿಪ್ ಕಿತ್ತೋಗಿತ್ತು, ಕಪ್ಪು ದಾರ ಸುತ್ತಿ ಕಟ್ಕೊಂಡಿದ್ರು. ನೀವು ಕೆಲಸದಲ್ಲಿದೀರಿ, ಹೇಳ್ಬೇಡ ಅಂದ್ರು."

ಹನ್ನೊಂದಕ್ಕೆ ಐದೇ ನಿಮಿಷ. ಈರೇಶ್ ಫೋನ್ ಮಾಡಿದ. ಒಂದೇ ರಿಂಗಿಗೆ ಅವ್ವ ಎತ್ತಿಕೊಂಡಳು.

"ಈರಣ್ಣಾ?"

ತಪ್ಪಾಯಿತು ಎನ್ನಬೇಕೆಂದೇ ಬಾಯಿ ತೆರೆದಿದ್ದ. ಬಂದ ಮಾತೇ ಬೇರೆ. "ಅವ್ವಾ, ಆ ಕರೇ ದಾರ..."

ಅತ್ತಲಿಂದ ಬಸ್ಸಿನ ಸದ್ದು ಕೇಳಿಸುತ್ತಿತ್ತು. ಅದರ ನಡುವೆಯೇ ಅವ್ವ ಅಂದಳು: "ಗಟ್ಟಿ ಐತಿ ಅಂತ ತಗೊಂಡೆಪ್ಪಾ. ನನ್ನ ಕರಿಯಾಕ ಫೋನ್ ಮಾಡೀದಿ ಅನ್ಕೊಂಡಿದ್ದೆ."

"ಅಲ್ಲವ್ವಾ, ನೀನೂ ಬಾ!"

ಆ ‘ನೀನೂ’ ಎಂಬುದರ ಬಾಲ ಅವಳಿಗೂ ಕೇಳಿಸಿತು. "ಇರ್ಲಿ ಬಿಡು. ದಾರ ಕಳಸ್ತೀನಿ" ಎಂದು ಫೋನಿಟ್ಟಳು.

ವಾರ ಕಳೆದ ಮೇಲೆ ಕೊರಿಯರ್ ಬಂತು. ಎಲೆಕ್ಟ್ರಾನಿಕ್ ಸಿಟಿಯಿಂದ ಸುಸ್ತಾಗಿ ಬಂದ ಈರೇಶ್ ಬಿಚ್ಚಿ ನೋಡಿದ. ನೀಟಾಗಿ ಸುತ್ತಿದ ಕೇಬಲ್, ಜೊತೆಗೆ ಮುಂದಿನ ಹಬ್ಬಕ್ಕೆಂದು ಒಂದು ದಾರದ ಉಂಡೆ. ಊರಿಂದ ಏನು ಕಳಿಸಿದರೂ ಅವ್ವ ಅದರಲ್ಲೊಂದು ವಿಭೂತಿ ಗಟ್ಟಿ ಇಡದೆ ಇರುತ್ತಿರಲಿಲ್ಲ. ಪೊಟ್ಟಣವನ್ನು ಎರಡೆರಡು ಸಲ ಕೊಡವಿ ನೋಡಿದ. ಈ ಸಲ ಇಟ್ಟಿರಲಿಲ್ಲ.