ನನ್ನ ಪ್ರಶ್ನಾವಳಿಯನ್ನು ಮೇಯ್ದ ನಿಟ್ಟೂರಿನ ದೇವರ ಹೋರಿಯವರಿಗೆ

ಮಾನ್ಯರೇ,

ಗುಡಿಯ ನೆರಳಿನಲ್ಲಿ ಮೆಲುಕು ಹಾಕುತ್ತಿರುವ ತಮ್ಮ ವಿಶ್ರಾಂತಿಗೆ ಭಂಗ ತರುತ್ತಿರುವುದಕ್ಕೆ ಕ್ಷಮೆ ಕೋರಿ, ಕೊಂಬಿಗೆ ಎಟುಕದಷ್ಟು ದೂರದಲ್ಲಿ ನಿಂತು ವಂದಿಸುತ್ತೇನೆ. ನಾನು ಶ್ರೀಕರ, ತುಮಕೂರಿನಲ್ಲಿ ಸಮಾಜಶಾಸ್ತ್ರದ ಅಧ್ಯಾಪಕ. ತಮ್ಮ ಭೇಟಿಯಾದಾಗ ‘ಗ್ರಾಮೀಣ ಸಾರ್ವಜನಿಕ ಜೀವನದಲ್ಲಿ ಧರ್ಮ’ ಎಂಬ ವಿಷಯದ ಮೇಲೆ ಆರು ವರ್ಷಗಳಿಂದ ಪಿಎಚ್.ಡಿ. ಮಾಡುತ್ತಿದ್ದವನು, ಅಂದರೆ ಮಾಡುತ್ತಿದ್ದೇನೆಂದು ಮನೆಯಲ್ಲಿ ಹೇಳಿಕೊಂಡಿದ್ದವನು.

೧೯೯೮ರ ಬೇಸಿಗೆಯಲ್ಲಿ ತಮ್ಮೂರಿನ ನೂರನಲವತ್ತು ಮನೆ ಸುತ್ತಿ, ಓಟು ಹಾಕುವಾಗ ದೇವರ ಪ್ರಭಾವವಿದೆಯೇ ಎಂದು ಕೇಳಿದೆ. ಎಲ್ಲರೂ ಇಲ್ಲವೆಂದರು. ಧರ್ಮವು ಸಾರ್ವಜನಿಕ ಜೀವನದಿಂದ ನಿರ್ಗಮಿಸಿದೆಯೆಂದು ಬಸ್ಸು ಹತ್ತುವ ಮೊದಲೇ ನಾನು ಬರೆದಿಟ್ಟುಕೊಂಡಿದ್ದ ತೀರ್ಮಾನವು ಹೀಗೆ ವೈಜ್ಞಾನಿಕವಾಗಿ ಸಾಬೀತಾಯಿತು. ಆ ಸಂಭ್ರಮದಲ್ಲಿ ಉತ್ತರಗಳ ಕಟ್ಟನ್ನು ಗುಡಿಯ ಜಗಲಿಯ ಮೇಲಿಟ್ಟು ಎಳನೀರು ಕುಡಿಯಲು ಹೋದೆ. ಮರಳುವಷ್ಟರಲ್ಲಿ ತಾವು ಕೊನೆಯ ಮನೆಯನ್ನು ಮುಗಿಸುತ್ತಿದ್ದಿರಿ.

ದೂರು ಕೊಡಲು ಪಂಚಾಯಿತಿ ಸದಸ್ಯ ದೊಡ್ಡರಂಗಯ್ಯನವರಲ್ಲಿಗೆ ಓಡಿದೆ. ಊರಿನ ವ್ಯವಹಾರಕ್ಕೂ ದೇವರಿಗೂ ಸಂಬಂಧವಿಲ್ಲವೆಂದು ಬೆಳಿಗ್ಗೆಯಷ್ಟೇ ನನಗೆ ಬರೆಸಿದ್ದ ಅವರು, ದೂರು ಯಾರ ಮೇಲೆಂದು ತಿಳಿಯುತ್ತಲೇ ಎದ್ದುನಿಂತು ಚಪ್ಪಲಿ ಕಳಚಿದರು. "ದೇವ್ರ ಹೋರಿ ಮೇಲೆ ಕಂಪ್ಲೇಂಟ್ ಬರ್ಕೊಂಡ್ರೆ ಮುಂದಿನ್ಸಲ ನಂಗ್ಯಾರು ಓಟ್ ಹಾಕ್ತಾರೆ ಸಾರ್?" ಎಂದು ಮೆಲ್ಲಗೆ ಕೇಳಿ, ಕಾಫಿ ಕೊಟ್ಟು ಕಳಿಸಿದರು.

ಮುಂದಿನ ವಾರ ಹೊಸ ಹಾಳೆಗಳೊಂದಿಗೆ ಮತ್ತೆ ಮೊದಲ ಮನೆಯಿಂದ ಆರಂಭಿಸಿದೆ. ಹೂ ಕಟ್ಟುತ್ತಿದ್ದ ಲಕ್ಷ್ಮೀದೇವಮ್ಮನವರು ಅದೇ ಪ್ರಶ್ನೆಗೆ ಈ ಸಲ ಹೌದೆಂದರು. ಹೋದ ಸಲ ಇಲ್ಲವೆಂದಿದ್ದಿರಲ್ಲ ಎಂದೆ. ಆವತ್ತು ನಾನು ಇಲ್ಲ ಅನ್ನಿಸಿಕೊಳ್ಳಲೆಂದೇ ಪೆನ್ನು ಹಿಡಿದು ಕೂತ ಹಾಗಿತ್ತಂತೆ. ಬಿಸಿಲಲ್ಲಿ ಬಂದವನ ಮನಸ್ಸು ನೋಯಿಸುವುದೇಕೆಂದು ಹಾಗೆ ಹೇಳಿದರಂತೆ. ಹೂವಿನಿಂದ ಕಣ್ಣೆತ್ತದೆಯೇ ಮುಂದುವರಿಸಿದರು: "ದೇವ್ರಿಗೆ ಕೈ ಮುಗ್ದೇ ಓಟಿಗೆ ಹೋಗೋದು ಕಣಪ್ಪ. ಆದ್ರೆ ಯಾರ್ಗೆ ಒತ್ತಿದೆ ಅಂತ ದೇವ್ರಿಗೂ ಹೇಳಲ್ಲ."

ಆರು ವರ್ಷ ಓದಿ ನನಗೆ ಹೊಳೆಯದಿದ್ದುದನ್ನು ಆಕೆ ಒಂದು ಮೊಳ ಹೂ ಮುಗಿಯುವುದರೊಳಗೆ ಹೇಳಿದ್ದರು. ಅಂದೇ ಮನೆಗೆ ಹೋಗಿ ತೀರ್ಮಾನದ ಅಧ್ಯಾಯವನ್ನು ಹರಿದು ಹಾಕಿದೆ.

ಆದುದರಿಂದ ದೂರನ್ನು ಹಿಂದಕ್ಕೆ ಪಡೆದಿದ್ದೇನೆ. ತಾವು ದಯಮಾಡಿ ಒಮ್ಮೆ ತುಮಕೂರಿಗೆ ಚಿತ್ತೈಸಿ, ನನ್ನ ಸಹೋದ್ಯೋಗಿಗಳ ಕಪಾಟುಗಳನ್ನೂ ಪರಿಶೀಲಿಸಿಕೊಡಬೇಕಾಗಿ ಪ್ರಾರ್ಥನೆ.

ತಿದ್ದಿಸಿಕೊಂಡ ತಮ್ಮ ವಿಶ್ವಾಸಿ,
ಶ್ರೀಕರ

ಮರೆತ ಮಾತು: ಪಿಎಚ್.ಡಿ. ಕೊನೆಗೂ ಬಂತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಲಕ್ಷ್ಮೀದೇವಮ್ಮನವರ ಮಾತನ್ನು ಬಹಳ ಮೆಚ್ಚಿ, ಇದನ್ನು ಹೇಳಿದವರು ಯಾವ ದೇಶದ ವಿದ್ವಾಂಸರೆಂದು ವಿಚಾರಿಸಿದರು. ತಪ್ಪು ಅವರದಲ್ಲ. ಅಡಿಟಿಪ್ಪಣಿಯಲ್ಲಿ ನಾನು ಆಕೆಯನ್ನು ‘ಮಾಹಿತಿದಾರರು, ಸಂಖ್ಯೆ ೧’ ಎಂದಷ್ಟೇ ನಮೂದಿಸಿದ್ದೆ.