ಎಡಕ್ಕೆ ತಬಲ, ಬಲಕ್ಕೆ ಕೊಳಲು

ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ಹೈಸ್ಕೂಲು ಮೇಷ್ಟ್ರೊಬ್ಬ ತನ್ನ ಪಾಡಿಗೆ ತಾನು ಕೂತು ಸ್ಟೀರಿಯೋ ಕೇಳುತ್ತೇನೆಂದರೆ ಎಷ್ಟು ಜನ ಅಡ್ಡ ಬರುತ್ತಿದ್ದರು! ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಕೇಳಿದವರಿಗೆ ನಗು ಬರುತ್ತದೆ. ಅದಕ್ಕೂ ನನಗೆ ಸಿಟ್ಟು.

ಬಸ್ಸಿನಲ್ಲಿ

ಹಿರಿಯೂರಿನ ಪಕ್ಕದ ಬಬ್ಬೂರಿನಲ್ಲಿದ್ದ ಆಫೀಸರೊಬ್ಬರು ವರ್ಗವಾಗಿ ಹೊರಟಾಗ ತಮ್ಮ ಹಳೇ ವಾಲ್ವ್ ಆಂಪ್ಲಿಫೈಯರನ್ನೂ ಎರಡು ಸ್ಪೀಕರನ್ನೂ ನನಗೆ ಮಾರಿದರು. ಅದಕ್ಕೆ ಮುಂಚೆ ನಟ್ಟನಡುವೆ ಕುರ್ಚಿ ಹಾಕಿ ನನ್ನನ್ನು ಕೂರಿಸಿ ಒಂದು ರೆಕಾರ್ಡ್ ಹಾಕಿದರು. ಎಡಕಿವಿಗೆ ತಬಲ, ಬಲಕಿವಿಗೆ ಕೊಳಲು! ನಾನು ಮರುಳಾಗಿ ಹೋದೆ. ನಮ್ಮ ಮನೆಯಲ್ಲೂ ಹೀಗೇ ನಡುವೆ ಕೂತು ಕೇಳಬೇಕು, ನನಗಿದ್ದದ್ದು ಅದೊಂದೇ ಆಸೆ.

ಹಿರಿಯೂರಿನಲ್ಲಿ ಬಸ್ಸು ಹತ್ತಿದೆ. ಸ್ಪೀಕರುಗಳು ಟಾಪಿಗೆ ಹೋದವು. ಆಂಪ್ಲಿಫೈಯರಿನಲ್ಲಿ ಗಾಜಿನ ವಾಲ್ವುಗಳಿದ್ದವು, ಅದನ್ನು ತೊಡೆಯ ಮೇಲಿಟ್ಟುಕೊಂಡೆ. ಅರ್ಧ ಭಾರ ಪಕ್ಕದ ಸೀಟಿನವರ ಮೇಲೆ ಬಿತ್ತು. ಅವರು ಶ್ರೀರಾಂಪುರದ ಕಡೆಯ ಕುರಿ ಸಾಕುವ ಯಜಮಾನರು.

"ಏನ್ರಿ ಇದು?"

"ಆಂಪ್ಲಿಫೈಯರು."

"ಓ, ಮೈಕ್ ಸೆಟ್ಟು! ಹಾರನ್ ಎಲ್ಲೈತ್ರಿ?"

ಇದು ಮದುವೆಗೆ ಕಟ್ಟುವುದಲ್ಲ, ಮನೆಯೊಳಗೆ ಕೇಳುವುದು ಎಂದೆ. ಅವರು ನನ್ನನ್ನು ಮರುಕದಿಂದ ನೋಡಿದರು.

"ಮನ್ಯಾಗೆ ಯಾರಿಗ್ರಿ ಪಾಪ, ಕಿವಿ ಕೇಳದಿಲ್ಲ?"

ಎಲೆ ಅಡಿಕೆ

ಹದಿನೈದು ದಿನಕ್ಕೆ ಅದೇ ಯಜಮಾನರು ಎಲೆ ಅಡಿಕೆ ಹಿಡಿದು ಮನೆಗೇ ಬಂದರು. ಮಗಳ ಮದುವೆಯಂತೆ, ಗಂಡು ಹೊಳಲ್ಕೆರೆಯವನಂತೆ, ಮೈಕು ನನ್ನದೇ ಆಗಬೇಕಂತೆ.

"ಇದು ಸ್ಟೀರಿಯೋ, ಯಜಮಾನ್ರೇ! ಇದಕ್ಕೆ ಎರಡು ಕಡೆ ಅವೆ. ಒಂದು ಕಡೆ ತಬಲ ಬಂದ್ರೆ ಇನ್ನೊಂದು ಕಡೆ ಕೊಳಲು ಬರ್ತೈತೆ!" ಎಂದು ಕೂಗಿದೆ.

"ಮದುವೆಗೂ ಎರಡು ಕಡೆ ಇರ್ತಾವಲ್ರಿ, ಸರಿಹೋತು ಬಿಡ್ರಿ," ಎಂದು ಎಲೆ ಅಡಿಕೆಯನ್ನು ಆಂಪ್ಲಿಫೈಯರಿನ ಮೇಲೇ ಇಟ್ಟು ಹೊರಟೇಬಿಟ್ಟರು.

ಎಲೆ ಅಡಿಕೆ ಇಟ್ಟುಕೊಂಡರೆ ಒಪ್ಪಿದ ಹಾಗೆ. ವಾಪಸ್ ಕೊಡೋಣವೆಂದು ಚಪ್ಪಲಿ ಮೆಟ್ಟಿಕೊಂಡು ತಿರುಗಿ ನೋಡುತ್ತೇನೆ, ನನ್ನ ಹೆಂಡತಿ ಆಗಲೇ ಅಗಿಯುತ್ತಿದ್ದಾಳೆ. "ಎಳೇ ಎಲೆ ಕಣ್ರಿ," ಅಂದಳು.

ಅಡಿಗೆಮನೆಯ ಪಾಲು

ಒಂದು ಸಂಜೆ ಸ್ಕೂಲಿನಿಂದ ಬಂದರೆ ಎಡಗಡೆಯ ಸ್ಪೀಕರೇ ಇಲ್ಲ! ಅವಳು ಅದನ್ನು ವೈರಿನ ಸಮೇತ ಅಡಿಗೆಮನೆಗೆ ಎಳೆದುಕೊಂಡು ಹೋಗಿದ್ದಳು. ಎರಡು ಇವೆಯಲ್ಲ, ನಿಮಗೊಂದು ನನಗೊಂದು ಎಂಬ ನ್ಯಾಯ. ನಾನು ಬಾಯಿ ತೆರೆಯುವ ಮುಂಚೆ ಅವಳೇ ಶುರು ಹಚ್ಚಿಕೊಂಡಳು.

"ನಿಮಗೆ ಹೊರಗೆ ಕೊಳಲು, ನನಗೆ ಒಳಗೆ ಬರೀ ತಬಲ! ರೊಟ್ಟಿ ಬಡಿಯೋ ಸದ್ದು ಸಾಲದು ಅಂತ ಇದೂ ಬೇರೆ ಕೇಳಬೇಕೇನ್ರಿ?"

ಚಿತ್ರದುರ್ಗದ ರಿಪೇರಿ

ಆ ಸ್ಪೀಕರನ್ನು ಜಗಳವಾಡಿ ವಾಪಸ್ ತರುವ ಹೊತ್ತಿಗೆ ಆಂಪ್ಲಿಫೈಯರಿನ ಎಡಗಡೆ ಗುಂಯ್ ಅನ್ನಲು ಶುರುವಾಯಿತು. ಎಲ್ಲ ಸೆಟ್ಟನ್ನೂ ಹೊತ್ತು ಚಿತ್ರದುರ್ಗದ ಮೈಕ್ ಅಂಗಡಿಯವನ ಹತ್ತಿರ ಹೋದೆ. ಹೊಸ ವಾಲ್ವು, ದಪ್ಪ ಟ್ರಾನ್ಸ್‌ಫಾರ್ಮರು ಹಾಕಿ ಮೊದಲಿಗಿಂತ ಚೆನ್ನಾಗಿ ಮಾಡಿಡು ಎಂದು ಬಿಟ್ಟುಬಂದೆ.

ತಿಂಗಳ ಮೇಲೆ ಹೋದಾಗ ಕೆಲಸ ಮುಗಿದಿತ್ತು. ನಾನೇ ನಡುವೆ ಸ್ಟೂಲು ಹಾಕಿಕೊಂಡು ಕೂತೆ. ರೆಕಾರ್ಡ್ ತಿರುಗಿತು. ಎಡಕ್ಕೂ ತಬಲ, ಕೊಳಲು. ಬಲಕ್ಕೂ ತಬಲ, ಕೊಳಲು.

"ವಾಲ್ವು ಏನ್ ಮಹಾ, ಮೇಷ್ಟ್ರೇ," ಅಂದ ಅಂಗಡಿಯವನು. "ದೊಡ್ಡ ಕಂಪ್ಲೇಂಟು ಬೇರೆನೇ ಇತ್ತು. ಈ ಕಡೇದು ಆ ಕಡೆ ಬರ್ತಿರಲಿಲ್ಲ, ಆ ಕಡೇದು ಈ ಕಡೆ ಬರ್ತಿರಲಿಲ್ಲ. ಎರಡೂ ಸೇರಿಸಿ ಬೆಸುಗೆ ಹಾಕೀನಿ. ಇನ್ನು ಜನ್ಮದಾಗೆ ಬೇರೆ ಆಗಲ್ಲ!"

ಆಗ ನನ್ನ ಬಾಯಿಂದ ಹೊರಟ ಮಾತುಗಳನ್ನು ಮೇಷ್ಟ್ರಾದವನು ಬರೆಯುವ ಹಾಗಿಲ್ಲ. ಅವನು ಮಾತ್ರ ತಣ್ಣಗೆ, "ಹಾರನ್ನಿಗೂ ಪಾಯಿಂಟ್ ಕೊಟ್ಟೀನಿ. ಹೋದ ವಾರ ಒಂದು ಮದುವೇಲಿ ಹಾಕಿ ಚೆಕ್ ಮಾಡಿದ್ದೂ ಆತು," ಅಂದ.

"ಯಾರ ಮದುವೇಲಯ್ಯಾ!"

ಬಾಡಿಗೆ ಹಾರನ್‌ಗಳನ್ನು ವಾಪಸ್ ಕೊಡಲು ಬಂದು ಬೆಂಚಿನ ಮೇಲೆ ಕೂತಿದ್ದ ಶ್ರೀರಾಂಪುರದ ಯಜಮಾನರು ಎದ್ದು ನಿಂತು ಕೈಮುಗಿದರು.

"ನಮ್ಮದೇ ರೀ. ಇಲ್ಲಿ ನಿಮ್ಮ ಪೆಟ್ಟಿಗೆ ಕಂಡೆ, ತಗಂಡೋದೆ. ಎಲೆ ಅಡಿಕೆ ನೀವು ವಾಪಸ್ ಕೊಡ್ಲಿಲ್ಲಲ್ರಿ? ಸಿಟ್ ಮಾಡ್ಕಬ್ಯಾಡ್ರಿ. ಹೆಣ್ಣಿನ ಕಡೆ ಒಂದು ಹಾರನ್, ಗಂಡಿನ ಕಡೆ ಒಂದು ಹಾರನ್ ಕಟ್ಟಿದ್ವಿ. ಈ ಪುಣ್ಯಾತ್ಮ ಎರಡೂ ಸೇರಿಸಿದ್ದಕ್ಕೆ ಮದುವೆ ಉಳೀತು. ನೀವು ಹೇಳಿದಂಗೆ ನಮ್ಮ ಕಡೆ ಕೊಳಲು ಬಂದು ಗಂಡಿನ ಕಡೆಯೋರಿಗೆ ಬರೀ ತಬಲ ಹೋಗಿದ್ರೆ, ಹಸೆಮಣೆ ಬಿಟ್ಟೆದ್ದು ಹೊಳಲ್ಕೆರೆ ಬಸ್ ಹತ್ತತಿದ್ರು!"